ದೀಪದ ಕತೆ ಸಾಕು, ನೈಟಿಂಗೇಲ್ ಇಟ್ಟ ಲೆಕ್ಕ ನೋಡಿ

1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನಲ್ಲಿ ಒಂದು ಸಣ್ಣ ಆರೈಕೆ ಮನೆ ಇತ್ತು. ಮರ್ಯಾದಸ್ಥ ಮನೆತನದ, ಆದರೆ ಕೈಯಲ್ಲಿ ಹೆಚ್ಚು ಕಾಸಿಲ್ಲದ ಹೆಂಗಸರು ಕಾಯಿಲೆ ಬಿದ್ದರೆ ಅಲ್ಲಿಗೆ ಬರುತ್ತಿದ್ದರು. ಶ್ರೀಮಂತ ಮಹಿಳೆಯರ ಸಮಿತಿಯೊಂದು ಅದನ್ನು ನಡೆಸುತ್ತಿತ್ತು. ಆ ವರ್ಷ ಅದರ ಮೇಲ್ವಿಚಾರಣೆಗೆ ಬಂದವರು 33 ವರ್ಷದ ಫ್ಲಾರೆನ್ಸ್ ನೈಟಿಂಗೇಲ್. ಅವರು ಸಮಿತಿಯ ಮುಂದಿಟ್ಟ ಬೇಡಿಕೆಗಳು ಹೀಗಿದ್ದವು: ಪ್ರತಿ ಮಹಡಿಗೂ ಪೈಪಿನಲ್ಲಿ ಬಿಸಿನೀರು ಬರಬೇಕು. ರೋಗಿಗಳ ಊಟ ಮೇಲಕ್ಕೆ ಕಳಿಸಲು ಒಂದು ಲಿಫ್ಟ್ ಬೇಕು. ರೋಗಿ ಕರೆದರೆ ನರ್ಸ್ ಕೋಣೆಯ ಹೊರಗೆ ಗಂಟೆ ಬಾರಿಸಬೇಕು, ಬಾರಿಸಿದ ಗಂಟೆಯ ಮುಚ್ಚಳ ತೆರೆದುಕೊಂಡು ಹಾಗೇ ನಿಲ್ಲಬೇಕು. ಕರೆದದ್ದು ಯಾರು ಅಂತ ನರ್ಸ್ ಬಂದು ನೋಡಿದಾಗ ತಿಳಿಯಬೇಕು.

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ನೈಟಿಂಗೇಲ್ ಜೀವನದಲ್ಲಿ ಅತ್ಯಂತ ಇಷ್ಟದ ವಸ್ತು ಈ ಗಂಟೆ. ಸದ್ದು ಗಾಳಿಯಲ್ಲಿ ಹೋಗಿಬಿಡುತ್ತದೆ, ತೆರೆದ ಮುಚ್ಚಳ ಉಳಿಯುತ್ತದೆ. ಕೇಳಿಸಲಿಲ್ಲ ಅಂತ ಯಾರೂ ಕೈತೊಳೆದುಕೊಳ್ಳೋಕೆ ಆಗಲ್ಲ. ಶಾಲೆಯ ಪಠ್ಯದಲ್ಲಿ ನಮಗೆ ಸಿಕ್ಕಿದ್ದು ದೀಪ ಹಿಡಿದು ರಾತ್ರಿ ರೋಗಿಗಳ ನಡುವೆ ಓಡಾಡುವ ಕರುಣಾಮಯಿ. ಆ ಚಿತ್ರ ಸುಳ್ಳಲ್ಲ. ಆದರೆ ಆಕೆ ಜೀವನಪೂರ್ತಿ ಹಿಂದೆ ಬಿದ್ದ ಪ್ರಶ್ನೆ ಬೇರೆಯೇ ಇತ್ತು: ಒಂದು ಜಾಗದಲ್ಲಿ ಆರೈಕೆ ಚೆನ್ನಾಗಿದೆಯಾ ಇಲ್ಲವಾ ಅಂತ ಹೊರಗಿನವರು ತಿಳಿಯೋದು ಹೇಗೆ?

ಇವತ್ತು ನಮ್ಮ ನಗರಗಳ ಎಷ್ಟೋ ಮನೆಗಳ ಪ್ರಶ್ನೆಯೂ ಇದೇ. ಮಕ್ಕಳು ದೂರದಲ್ಲಿದ್ದಾರೆ, ಅಮ್ಮನಿಗೆ ಸ್ಟ್ರೋಕ್ ಆಗಿದೆ, ನೋಡಿಕೊಳ್ಳುವ ಜಾಗ ಹುಡುಕಬೇಕು. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಖಾಸಗಿ ಆಸ್ಪತ್ರೆ. ನಾನಿಲ್ಲಿ ಹೇಳುತ್ತಿರುವುದು ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಜಾಗಗಳ ಬಗ್ಗೆ. ಭಾನುವಾರ ಬೆಳಿಗ್ಗೆ ಹೋಗುತ್ತೇವೆ. ಟೈಲ್ಸ್ ಹೊಳೆಯುತ್ತಿದೆಯಾ, ಕೈತೋಟ ಇದೆಯಾ, ಮಾತಾಡಿಸುವವರು ವಿನಯವಾಗಿದ್ದಾರಾ ಅಂತ ನೋಡಿ ಅಡ್ವಾನ್ಸ್ ಕೊಟ್ಟು ಬರುತ್ತೇವೆ. ರಾತ್ರಿ ಎರಡು ಗಂಟೆಗೆ ಅಮ್ಮ ಕರೆದರೆ ಯಾರು ಬರುತ್ತಾರೆ ಅನ್ನೋದು ಆ ಭೇಟಿಯಲ್ಲಿ ಕಾಣೋದೇ ಇಲ್ಲ.

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಅನುಕೂಲಸ್ಥ ಇಂಗ್ಲಿಷ್ ಕುಟುಂಬ. ಅಪ್ಪ ಮಗಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದರು. ಗಣಿತದ ಹುಚ್ಚು ಆಕೆಗೆ ತಾನಾಗೇ ಹಿಡಿಯಿತು. ನರ್ಸ್ ಆಗುತ್ತೇನೆ ಅಂದಾಗ ಮನೆಯವರು ಬೆಚ್ಚಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಒಳ್ಳೆ ಮನೆಯ ಹೆಣ್ಣುಮಕ್ಕಳು ಮಾಡುವ ಕೆಲಸ ಆಗಿರಲಿಲ್ಲ. ವರ್ಷಗಟ್ಟಲೆ ಜಗಳವಾಡಿ, ಮದುವೆ ಪ್ರಸ್ತಾಪ ತಿರಸ್ಕರಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳು ತರಬೇತಿ ಪಡೆದರು. ಹಾರ್ಲೆ ಸ್ಟ್ರೀಟ್ ಅವರ ಮೊದಲ ಕೆಲಸ. ಸಂಬಳವಿಲ್ಲದ ಕೆಲಸ.

ಒಂದು ವರ್ಷ ಕಳೆಯುವಷ್ಟರಲ್ಲಿ ಕ್ರಿಮಿಯಾ ಯುದ್ಧ ಶುರುವಾಗಿತ್ತು. 1854ರ ನವೆಂಬರ್‌ನಲ್ಲಿ 38 ಮಹಿಳೆಯರ ತಂಡದೊಂದಿಗೆ ಅವರು ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಿಳಿದರು. ಅಡುಗೆಮನೆ ಸರಿಮಾಡಿದರು, ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿದರು, ಹಾಸಿಗೆ, ಅಂಗಿ ತರಿಸಿದರು. ಆದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ಶೇ 42.7. ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಆಯೋಗ ಬಂತು. ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡಿದ್ದ ಚರಂಡಿ ತೊಳೆಸಿತು, ನೀರಿನ ಕಾಲುವೆಯಲ್ಲಿ ಸತ್ತು ಬಿದ್ದಿದ್ದ ಕುದುರೆಯನ್ನು ತೆಗೆಸಿತು, ಗಾಳಿಯಾಡಲು ಗೋಡೆ, ಮಾಡು ತೆರೆಸಿತು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ಶೇ 2.2ಕ್ಕೆ ಇಳಿದಿತ್ತು.

1856ರಲ್ಲಿ ಊರಿಗೆ ಮರಳಿದಾಗ ದೇಶ ಅವರನ್ನು ದೇವತೆಯಂತೆ ಕಂಡಿತು. ಸೈನಿಕರು ಹಸಿವಿನಿಂದ ಬಳಲಿ, ತಡವಾಗಿ ಆಸ್ಪತ್ರೆ ಸೇರಿದ್ದೇ ಅಷ್ಟೊಂದು ಸಾವಿಗೆ ಕಾರಣ ಅಂತ ಅವರೂ ಮೊದಲು ನಂಬಿದ್ದರು. ಆಮೇಲೆ ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದರು. ಗುಂಡೇಟಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ರೋಗದಿಂದ ಸತ್ತಿದ್ದರು. ಆಸ್ಪತ್ರೆಯ ಕೊಳಕೇ ದೊಡ್ಡ ಕೊಲೆಗಾರ ಅನ್ನೋದು ಸ್ಪಷ್ಟವಾಯಿತು. ಅಂದರೆ ಅವರು, ಅವರ ತಂಡ ಹಗಲಿರುಳು ಪ್ರೀತಿಯಿಂದ ದುಡಿದ ಜಾಗದಲ್ಲೇ ಜನ ಆ ಪ್ರಮಾಣದಲ್ಲಿ ಸತ್ತಿದ್ದರು. ಹೊಗಳಿಕೆ ತಗೊಂಡು ಸುಮ್ಮನಿರಬಹುದಿತ್ತು. ನೈಟಿಂಗೇಲ್ ಆ ಅಂಕಿಗಳನ್ನೇ ಬಣ್ಣದ ನಕ್ಷೆಗಳಾಗಿ ಬಿಡಿಸಿ ಸರ್ಕಾರದ ಮುಂದಿಟ್ಟರು. ನನ್ನ ಪ್ರಕಾರ ಅವರ ಬದುಕಿನ ದೊಡ್ಡ ತಿರುವು ಇದೇ. ಒಳ್ಳೆಯ ಮನಸ್ಸಿನವರು ಇದ್ದ ಮಾತ್ರಕ್ಕೆ ಆರೈಕೆ ಒಳ್ಳೆಯದಾಗಿರುತ್ತದೆ ಅಂತಿಲ್ಲ ಅನ್ನೋದು ಅವರಿಗೆ ಕಣ್ಣಾರೆ ಗೊತ್ತಾಗಿತ್ತು.

1859ರ ಕೊನೆಗೆ ಸಿದ್ಧವಾದ ನೋಟ್ಸ್ ಆನ್ ನರ್ಸಿಂಗ್ ಪುಸ್ತಕದಲ್ಲಿ ಗಾಳಿ, ಬೆಳಕು, ಸದ್ದು, ಊಟ, ಹಾಸಿಗೆ ಎಲ್ಲಕ್ಕೂ ಅಧ್ಯಾಯಗಳಿವೆ. ಸಣ್ಣಪುಟ್ಟ ನಿರ್ವಹಣೆಯ ಬಗ್ಗೆಯೂ ಒಂದಿದೆ. ಅದರ ತಿರುಳು ಇಷ್ಟೇ: ನೀವಿದ್ದಾಗ ಮಾಡುವ ಕೆಲಸ ನೀವಿಲ್ಲದಾಗಲೂ ಆಗುವಂತೆ ಏರ್ಪಾಡು ಮಾಡದಿದ್ದರೆ ನಿಮ್ಮ ಶ್ರದ್ಧೆಯಿಂದ ರೋಗಿಗೆ ಹೆಚ್ಚು ಉಪಯೋಗವಿಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಖಾರವಾದ ಮಾತೂ ಇದೆ. ಮಲಗಿದಲ್ಲೇ ಇರುವ ರೋಗಿಗೆ ಬೆಡ್‌ಸೋರ್ ಆದರೆ ಸಾಮಾನ್ಯವಾಗಿ ಅದಕ್ಕೆ ಹೊಣೆ ರೋಗವಲ್ಲ, ನೋಡಿಕೊಳ್ಳುವವರು ಅನ್ನುವುದು ಅವರ ನಿಲುವು.

ಈ ಮಾತಿನ ತೂಕ 1864ರ ಡಿಸೆಂಬರ್‌ನಲ್ಲಿ ಲಂಡನ್ನಿಗೆ ಗೊತ್ತಾಯಿತು. ತಿಮೊತಿ ಡಾಲಿ ಎಂಬ ಕೂಲಿ ಕಾರ್ಮಿಕ ಹಾಲ್ಬರ್ನ್ ವರ್ಕ್‌ಹೌಸ್‌ನಲ್ಲಿ ಹಾಸಿಗೆ ಹಿಡಿದು, ಮೈತುಂಬ ಹುಣ್ಣಾಗಿ, ಕೊನೆಗೆ ಸತ್ತ. ವರ್ಕ್‌ಹೌಸ್ ಅಂದರೆ ನಿರ್ಗತಿಕರನ್ನು ಇಟ್ಟುಕೊಂಡು ದುಡಿಸುವ ಸರ್ಕಾರಿ ಜಾಗ. ಮುದುಕರು, ರೋಗಿಗಳು, ಬುದ್ಧಿಮಾಂದ್ಯರು, ಅನಾಥ ಮಕ್ಕಳು ಎಲ್ಲರೂ ಅಲ್ಲೇ. ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ತರಬೇತಿಯಿಲ್ಲದ ಇತರ ನಿರ್ಗತಿಕರು. ನೈಟಿಂಗೇಲ್ ಸಂಬಂಧಪಟ್ಟ ಸಚಿವರಿಗೆ ಕೂಡಲೇ ಪತ್ರ ಬರೆದರು. ರೋಗಿಗಳನ್ನು ಉಳಿದವರಿಂದ ಬೇರೆ ಇಡಬೇಕು, ಆಡಳಿತ ಒಂದೇ ಕಡೆ ಇರಬೇಕು, ಖರ್ಚನ್ನು ಎಲ್ಲರ ತೆರಿಗೆಯಿಂದ ಭರಿಸಬೇಕು ಅಂತ ಪಟ್ಟು ಹಿಡಿದರು. 1865ರಲ್ಲಿ ಅವರು ಕಳಿಸಿದ 12 ತರಬೇತಾದ ನರ್ಸ್‌ಗಳು ಆಗ್ನೆಸ್ ಜೋನ್ಸ್ ನೇತೃತ್ವದಲ್ಲಿ ಲಿವರ್‌ಪೂಲ್ ವರ್ಕ್‌ಹೌಸ್ ಆಸ್ಪತ್ರೆ ಸೇರಿದರು. ಅಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಮೂರೇ ವರ್ಷದಲ್ಲಿ, 35ನೇ ವಯಸ್ಸಿಗೆ, ಟೈಫಸ್ ತಗುಲಿ ಆಗ್ನೆಸ್ ತೀರಿಕೊಂಡರು. ಅಷ್ಟರಲ್ಲಿ, 1867ರಲ್ಲಿ, ಲಂಡನ್ನಿನ ಬಡ ರೋಗಿಗಳಿಗೆ ವರ್ಕ್‌ಹೌಸ್‌ನಿಂದ ಬೇರೆ ಆಸ್ಪತ್ರೆ ಕೊಡುವ ಕಾಯ್ದೆ ಬಂದಿತ್ತು. ನೈಟಿಂಗೇಲ್ ಕೇಳಿದ್ದೆಲ್ಲ ಅದರಲ್ಲಿರಲಿಲ್ಲ.

ಅವರ ಲೆಕ್ಕವೂ ಯಾವಾಗಲೂ ಸರಿ ಇರುತ್ತಿರಲಿಲ್ಲ. 1863ರಲ್ಲಿ ಆಸ್ಪತ್ರೆಗಳ ಬಗೆಗಿನ ತಮ್ಮ ಪುಸ್ತಕದಲ್ಲಿ ಫಾರ್ ಸಿದ್ಧಪಡಿಸಿದ ಪಟ್ಟಿಯೊಂದನ್ನು ಹಾಕಿದರು. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವು ಶೇ 90.84! ವೈದ್ಯರು ಸಿಡಿದೆದ್ದರು, ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಇಡೀ ವರ್ಷದ ಸಾವುಗಳನ್ನು 1861ರ ಏಪ್ರಿಲ್ 8ರ ಒಂದೇ ದಿನ ಒಳಗಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರು. ಒಂದೇ ಹಾಸಿಗೆಯಲ್ಲಿ ವರ್ಷಕ್ಕೆ ಎಷ್ಟೋ ಜನ ಬಂದು ಹೋಗುತ್ತಾರೆ ಅಲ್ವಾ? ಜೊತೆಗೆ ತೀರಾ ಗಂಭೀರ ರೋಗಿಗಳನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಸಾವು ಸಹಜವಾಗೇ ಹೆಚ್ಚು. ಈ ಪಾಠ ಇವತ್ತಿಗೂ ಬೇಕು. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳದ, ಕಾಯಿಲೆ ಜಾಸ್ತಿಯಾದ ಕೂಡಲೇ ಮನೆಗೆ ಕಳಿಸಿಬಿಡುವ ವೃದ್ಧಾಶ್ರಮದಲ್ಲಿ ಸಾವೇ ಇರುವುದಿಲ್ಲ. ಅದನ್ನು ಒಳ್ಳೆ ಆರೈಕೆ ಅನ್ನೋಕಾಗಲ್ಲ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ರೋಗ, ವಯಸ್ಸು, ಫಲಿತಾಂಶ ಬರೆದಿಡಲಿ ಅಂತ ನೈಟಿಂಗೇಲ್ 1860ರಲ್ಲೇ ಫಾರಂ ತಯಾರಿಸಿ ಪ್ರಚಾರ ಮಾಡಿದ್ದು ಇಂಥ ಗೊಂದಲ ತಪ್ಪಿಸೋಕೆ.

ತಮ್ಮ ಸಂಸ್ಥೆಗೂ ಅವರು ಅದೇ ಅಳತೆಗೋಲು ಹಿಡಿದರು. ಸೂಲಗಿತ್ತಿಯರ ತರಬೇತಿಗೆ ಅವರ ನಿಧಿಯ ಹಣದಲ್ಲಿ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಹೆರಿಗೆ ವಾರ್ಡ್‌ನಲ್ಲಿ ಬಾಣಂತಿಯರು ಜ್ವರದಿಂದ ಸತ್ತಾಗ, 1867ರಲ್ಲಿ ಅದು ಮುಚ್ಚಿತು. ಆಮೇಲೆ ಹಲವು ಕಡೆಯ ಅಂಕಿ ಸಂಗ್ರಹಿಸಿ, ಆ ಕಾಲದ ಹೆರಿಗೆ ಆಸ್ಪತ್ರೆಗಿಂತ ಮನೆಯೇ ಸುರಕ್ಷಿತ ಅಂತ 1871ರಲ್ಲಿ ಪುಸ್ತಕ ಬರೆದರು. ಇನ್ನು ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಇಲ್ಲಿನ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳಿಸಿ, ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಇದ್ದ ಸಾವು ನೀರು, ಚರಂಡಿ, ಬ್ಯಾರಕ್ ಸುಧಾರಣೆಯಿಂದ ಇಳಿಯುತ್ತದೆ ಅಂತ ವಾದಿಸಿದರು. 1873ರ ಹೊತ್ತಿಗೆ ಅದು 18ಕ್ಕೆ ಇಳಿದಿತ್ತು.

1880ರ ದಶಕದ ಕೊನೆಗೆ ನರ್ಸ್‌ಗಳಿಗೆ ಪರೀಕ್ಷೆ, ನೋಂದಣಿ ಬೇಕು ಅಂತ ಚಳವಳಿ ಎದ್ದಾಗ ನೈಟಿಂಗೇಲ್ ವಿರೋಧಿಸಿದರು. ಪರೀಕ್ಷೆ ಪಾಸಾದವರು ಹತ್ತು ವರ್ಷದ ನಂತರವೂ ಚೆನ್ನಾಗಿ ನೋಡಿಕೊಳ್ಳುತ್ತಾರೆ ಅನ್ನೋಕೆ ಏನು ಖಾತರಿ ಅನ್ನೋದು ಅವರ ವಾದ. ಇದನ್ನು ನಾನು ಪೂರ್ತಿ ಒಪ್ಪಲ್ಲ. ನೋಂದಣಿ ಇಲ್ಲದಿದ್ದರೆ ತಪ್ಪು ಮಾಡಿದವರನ್ನು ಹಿಡಿದು ಕೇಳೋಕೆ ದಾರಿಯೇ ಇರುವುದಿಲ್ಲ. ಬ್ರಿಟನ್ ಕೂಡ 1919ರಲ್ಲಿ ನೋಂದಣಿ ಕಾಯ್ದೆ ತಂದಿತು. ಆದರೆ ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟ್ ಹಳೆಯ ದಿನದ ಸುದ್ದಿ ಅನ್ನುವಷ್ಟರ ಮಟ್ಟಿಗೆ ಅವರು ಸರಿ.

ನಮ್ಮ ದೇಶದ 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆ ಪ್ರತಿ ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ಹಿರಿಯರಿಗಾಗುವ ವೃದ್ಧಾಶ್ರಮದ ಮಾತಾಡುತ್ತದೆ. ಎಷ್ಟು ಜನ ಅನ್ನೋದು ಕಾಯ್ದೆಯಲ್ಲೇ ಇದೆ. ಸೇವೆಯ ಗುಣಮಟ್ಟ ಹೇಗಿರಬೇಕು ಅನ್ನೋದನ್ನು ರಾಜ್ಯ ಸರ್ಕಾರಗಳ ಯೋಜನೆಗೆ ಬಿಟ್ಟಿದೆ. ಆ ಯೋಜನೆ ಬರೆಯುವವರು, ಹಾಗೆಯೇ ಭಾನುವಾರ ಜಾಗ ನೋಡೋಕೆ ಹೋಗುವ ಮಕ್ಕಳು, ನೈಟಿಂಗೇಲ್ ಅವರಿಂದ ಕೆಲವು ಪ್ರಶ್ನೆ ಎರವಲು ಪಡೆಯಬಹುದು. ಕಳೆದ ಆರು ತಿಂಗಳಲ್ಲಿ ಇಲ್ಲಿಗೆ ಬಂದ ಮೇಲೆ ಎಷ್ಟು ಜನರಿಗೆ ಬೆಡ್‌ಸೋರ್ ಆಗಿದೆ? ಎಷ್ಟು ಜನ ಬಿದ್ದರು? ತಿಂಗಳಿಗೊಮ್ಮೆ ತೂಕ ಬರೆದಿಡುತ್ತೀರಾ? ಮಗ್ಗುಲು ಬದಲಿಸಿದ್ದನ್ನು ಯಾರು, ಎಲ್ಲಿ ಬರೆಯುತ್ತಾರೆ? ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ? ಆ ಆಯಾ ರಜೆ ಹಾಕಿದರೆ ಬದಲಿ ಯಾರು? ಪುಸ್ತಕ ತೆಗೆದು ತೋರಿಸುವವರ ಮೇಲೆ ನಂಬಿಕೆ ಇಡಬಹುದು. ನಗುತ್ತಾ ಮಾತು ಮರೆಸುವವರ ಬಗ್ಗೆ ಎಚ್ಚರ ಬೇಕು.

1857ರ ನಂತರ ನೈಟಿಂಗೇಲ್ ಸ್ವತಃ ಕಾಯಿಲೆಯವರು. ವರ್ಷಗಟ್ಟಲೆ ಹಾಸಿಗೆಯಿಂದಲೇ ವರದಿ, ಪತ್ರ, ಕೋಷ್ಟಕ ಬರೆದರು. ಕೊನೆಯ ವರ್ಷಗಳಲ್ಲಿ ಕಣ್ಣು ಕಾಣುತ್ತಿರಲಿಲ್ಲ, ಎಲ್ಲದಕ್ಕೂ ಇನ್ನೊಬ್ಬರ ಕೈಯೇ ಬೇಕಿತ್ತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ, ಲಂಡನ್ನಿನ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವ ಕೊಡಲು ಸರ್ಕಾರ ಮುಂದೆ ಬಂದರೂ ಮನೆಯವರು ಬೇಡವೆಂದು ಹಳ್ಳಿಯ ಚರ್ಚ್ ಅಂಗಳದಲ್ಲಿ ಮಣ್ಣು ಮಾಡಿದರು. ಪ್ರತಿ ವರ್ಷ ಮೇ 12ರಂದು ಅವರ ಹೆಸರಿನಲ್ಲಿ ಮೇಣದಬತ್ತಿ ಹಚ್ಚುತ್ತೇವೆ. ಅವತ್ತೊಂದು ದಿನವಾದರೂ ನಮ್ಮೂರಿನ ಆರೈಕೆ ಮನೆಗಳು ತಮ್ಮ ರಿಜಿಸ್ಟರ್ ತೆರೆದಿಟ್ಟರೆ ಅದು ಅವರಿಗೆ ಇನ್ನೂ ಹತ್ತಿರದ ಗೌರವ ಆಗುತ್ತದೆ.