ಪ್ರೊ. ಇಯಾನ್ ಡೊನಾಲ್ಡ್ (1910–1987): ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನ ಆದ್ಯ ಪ್ರವರ್ತಕರು

ಅಂಡಾಶಯದ ಗಡ್ಡೆಗಳ ಪತ್ತೆಗಾಗಿ ಮತ್ತು ಗರ್ಭಿಣಿಯರ ತಪಾಸಣೆಗಾಗಿ ಇಂದು ಆಸ್ಪತ್ರೆಗಳಲ್ಲಿ ನಡೆಯುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಭದ್ರ ಬುನಾದಿ ಹಾಕಿದವರಲ್ಲಿ ಪ್ರೊ. ಇಯಾನ್ ಡೊನಾಲ್ಡ್ ಅವರು ಪ್ರಮುಖರು. ಸಾರ್ವಜನಿಕರ ತಿಳಿವಳಿಕೆಗಾಗಿ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇಯಾನ್ ಡೊನಾಲ್ಡ್ ಅವರು 1910ರ ಡಿಸೆಂಬರ್ 27ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಜನಿಸಿದರು. ಬಾಲ್ಯದ ಕೆಲ ವರ್ಷಗಳನ್ನು ಸ್ಕಾಟ್ಲೆಂಡಿನಲ್ಲಿ ಕಳೆದು, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಪದವಿ ಪಡೆದರು. ತರುವಾಯ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ವ್ಯಾಸಂಗ ಮಾಡಿ 1937ರಲ್ಲಿ ವೈದ್ಯರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಯಲ್ ಏರ್‌ಫೋರ್ಸ್‌ನ ವೈದ್ಯಾಧಿಕಾರಿಯಾಗಿದ್ದಾಗ, ಹೊತ್ತಿ ಉರಿಯುತ್ತಿದ್ದ ವಿಮಾನದಿಂದ ಸಿಬ್ಬಂದಿಯನ್ನು ಹೊರತಂದು ರಕ್ಷಿಸಿದ ಸಾಹಸಕ್ಕಾಗಿ ಗೌರವಕ್ಕೆ ಪಾತ್ರರಾದರು. ರೇಡಾರ್ ಮತ್ತು ಸೋನಾರ್ ತಂತ್ರಗಳ ಬಗ್ಗೆ ಅವರಿಗೆ ಆಸಕ್ತಿ ಮೂಡಿದ್ದೂ ಆ ದಿನಗಳಲ್ಲಿಯೇ.

ಕಾರ್ಖಾನೆಯಲ್ಲಿ ನಡೆದ ಪ್ರಯೋಗ

1954ರಲ್ಲಿ ಅವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿ ವಿಭಾಗದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಸ್ತ್ರೀಯರ ಉದರದಲ್ಲಿ ಬೆಳೆದ ಗಡ್ಡೆಯು ಘನವಾದುದೋ ದ್ರವ ತುಂಬಿದುದೋ ಎಂಬುದನ್ನು ಆ ಕಾಲದಲ್ಲಿ ಕೈಯಿಂದ ಒತ್ತಿ ನೋಡಿ ಊಹಿಸಬೇಕಾಗಿತ್ತು. ಸ್ಪಷ್ಟವಾಗದಿದ್ದಲ್ಲಿ ಉದರವನ್ನು ತೆರೆದು ನೋಡುವುದೇ ಮಾರ್ಗವಾಗಿತ್ತು.

1955ರ ಜುಲೈ ತಿಂಗಳಲ್ಲಿ ಡೊನಾಲ್ಡ್ ಅವರು, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ರೆನ್‌ಫ್ರೂ ಪಟ್ಟಣದ ಬಾಯ್ಲರ್ ತಯಾರಿಕಾ ಕಾರ್ಖಾನೆಗೆ ತೆರಳಿದರು. ಲೋಹದೊಳಗಿನ ಬಿರುಕುಗಳನ್ನು ಶಬ್ದತರಂಗಗಳಿಂದ ಪತ್ತೆ ಹಚ್ಚುವ ಯಂತ್ರ ಅಲ್ಲಿತ್ತು. ಹೋಲಿಕೆಗೆಂದು ಮಾಂಸದ ತುಂಡೊಂದನ್ನೂ ಪರೀಕ್ಷಿಸಲಾಯಿತು. ದ್ರವ ತುಂಬಿದ ಗಡ್ಡೆಯ ಒಳಭಾಗದಿಂದ ಪ್ರತಿಧ್ವನಿ ಬರಲಿಲ್ಲ. ಅದರ ಗೋಡೆಗಳಿಂದ ಮಾತ್ರ ಬಂದಿತು. ಘನ ಗಡ್ಡೆಯಾದರೋ ಆದ್ಯಂತ ಪ್ರತಿಧ್ವನಿ ನೀಡಿತು. ಈ ವ್ಯತ್ಯಾಸವೇ ಮುಂದಿನ ಸಂಶೋಧನೆಗೆ ಆಧಾರವಾಯಿತು.

ಒಬ್ಬ ಮಹಿಳೆಯ ಜೀವದಾನ

ಆರಂಭದ ಯಂತ್ರದ ಚಿತ್ರಗಳು ಸ್ಪಷ್ಟವಾಗಿರಲಿಲ್ಲ. ಸಹವೈದ್ಯರಲ್ಲಿ ಅನೇಕರು ಈ ಪ್ರಯತ್ನವನ್ನು ಲಘುವಾಗಿ ಕಂಡರು. ಕೆಲ್ವಿನ್ ಅಂಡ್ ಹ್ಯೂಸ್ ಸಂಸ್ಥೆಯ ಯುವ ಎಂಜಿನಿಯರ್ ಟಾಮ್ ಬ್ರೌನ್ ಹಾಗೂ ವೈದ್ಯ ಜಾನ್ ಮ್ಯಾಕ್‌ವಿಕಾರ್ ಅವರು ಡೊನಾಲ್ಡ್ ಅವರೊಂದಿಗೆ ಕೈಜೋಡಿಸಿದ ನಂತರ ಯಂತ್ರವು ಸುಧಾರಿಸಿತು.

ಇದೇ ಸಮಯದಲ್ಲಿ, ಉದರವು ವಿಪರೀತ ಊದಿಕೊಂಡು ದಿನೇ ದಿನೇ ಕೃಶರಾಗುತ್ತಿದ್ದ ಮಹಿಳೆಯೊಬ್ಬರನ್ನು ಪರೀಕ್ಷಿಸುವ ಸಂದರ್ಭ ಒದಗಿತು. ಜಠರದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮೀರಿದ ಹಂತ ತಲುಪಿದೆಯೆಂದು ಆಕೆಯ ವಿಷಯದಲ್ಲಿ ನಿರ್ಣಯಿಸಲಾಗಿತ್ತು. ಆದರೆ ಪರದೆಯ ಮೇಲೆ ಮೂಡಿದ್ದು ಸ್ಪಷ್ಟ ಅಂಚುಗಳುಳ್ಳ, ದ್ರವ ತುಂಬಿದ ಬೃಹತ್ ಗಡ್ಡೆ. ಶಸ್ತ್ರಚಿಕಿತ್ಸೆ ನಡೆಸಿದಾಗ ಅದು ಅಂಡಾಶಯದ ಗಡ್ಡೆಯೆಂದು ದೃಢಪಟ್ಟಿತು. ಅದನ್ನು ತೆಗೆದುಹಾಕಲಾಗಿ ಆ ಮಹಿಳೆ ಚೇತರಿಸಿಕೊಂಡರು. ಈ ಮೂವರ ಪ್ರಬಂಧವು 1958ರ ಜೂನ್ 7ರಂದು ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿ ವೈದ್ಯಲೋಕದ ಗಮನ ಸೆಳೆಯಿತು.

ನಂತರದ ಸೇವೆ ಮತ್ತು ನಿಧನ

ಮೂತ್ರಕೋಶ ತುಂಬಿರುವಾಗ ಗರ್ಭಕೋಶದ ಭಾಗವು ಸ್ಪಷ್ಟವಾಗಿ ಗೋಚರಿಸುವುದೆಂಬುದನ್ನು ಡೊನಾಲ್ಡ್ ಅವರು 1963ರ ಸುಮಾರಿಗೆ ಕಂಡುಕೊಂಡರು. ಕೆಳಹೊಟ್ಟೆಯ ಸ್ಕ್ಯಾನಿಂಗ್‌ಗೆ ಮುನ್ನ ನೀರು ಕುಡಿಯುವಂತೆ ಇಂದಿಗೂ ಸೂಚಿಸುವುದಕ್ಕೆ ಇದೇ ಕಾರಣ. ಸ್ವತಃ ಹೃದಯದ ಕವಾಟದ ಕಾಯಿಲೆಯಿಂದ ಬಳಲಿ ಹಲವು ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾದರೂ ಅವರು ಕಾರ್ಯವನ್ನು ಕೈಬಿಡಲಿಲ್ಲ. 1976ರಲ್ಲಿ ನಿವೃತ್ತರಾಗಿ, 1987ರ ಜೂನ್ 19ರಂದು ನಿಧನರಾದರು.

ಇಂದಿನ ಚಿಕಿತ್ಸೆಯಲ್ಲಿ ಸ್ಕ್ಯಾನಿಂಗ್

ಅಂಡಾಶಯದ ಗಡ್ಡೆಯ ಪ್ರಥಮ ಪರೀಕ್ಷೆಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಬಳಕೆಯಾಗುತ್ತದೆ. ಕ್ಯಾನ್ಸರ್ ದೃಢಪಟ್ಟಲ್ಲಿ ಚಿಕಿತ್ಸೆಯ ಪರಿಣಾಮವನ್ನು ಅಳೆಯಲು ಹೆಚ್ಚಾಗಿ ಸಿ.ಟಿ. ಸ್ಕ್ಯಾನ್ ಮಾಡಲಾಗುತ್ತದೆ. ಕೀಮೋಥೆರಪಿಗೆ ಮುನ್ನ ತೆಗೆದ ಚಿತ್ರವನ್ನು ಕೆಲವು ಸುತ್ತುಗಳ ನಂತರದ ಚಿತ್ರದೊಂದಿಗೆ ಹೋಲಿಸಿ, ಗಡ್ಡೆ ಕುಗ್ಗಿದೆಯೇ, ಹೊಸ ಗಡ್ಡೆಗಳು ಕಾಣಿಸಿವೆಯೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಸಿ.ಎ. 125 ಎಂಬ ರಕ್ತಪರೀಕ್ಷೆಯೂ ಇದಕ್ಕೆ ಪೂರಕ. ಉದರದ ಪೊರೆಯ ಮೇಲಿನ ಅತಿ ಸಣ್ಣ ಕಣಗಳು ಸ್ಕ್ಯಾನ್‌ನಲ್ಲಿ ಕಾಣದೇ ಇರಬಹುದಾದ್ದರಿಂದ, ವರದಿಯೊಂದನ್ನೇ ಆಧರಿಸದೆ ವೈದ್ಯರ ಸಲಹೆ ಪಡೆಯುವುದು ಅವಶ್ಯಕ.

ಸಾರ್ವಜನಿಕರ ಗಮನಕ್ಕೆ

ಚಿಕಿತ್ಸೆಗೆ ಬರುವಾಗ ಹಿಂದಿನ ಎಲ್ಲಾ ಸ್ಕ್ಯಾನ್ ಫಿಲ್ಮ್, ಸಿ.ಡಿ. ಹಾಗೂ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ತರುವುದು. ಹಳೆಯ ಚಿತ್ರಗಳಿಲ್ಲದೆ ಹೋಲಿಕೆ ಸಾಧ್ಯವಾಗುವುದಿಲ್ಲ. ಹೊಟ್ಟೆ ಉಬ್ಬರ, ಬೇಗನೆ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ ವಿಸರ್ಜನೆ ಮುಂತಾದ ತೊಂದರೆಗಳು ಕೆಲವು ವಾರಗಳವರೆಗೆ ಮುಂದುವರಿದಲ್ಲಿ, ಮಹಿಳೆಯರು ವಿಳಂಬ ಮಾಡದೆ ಸಮೀಪದ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು.