ಹಶಿಮೊಟೊ ಅನ್ನೋ ಊರ ಡಾಕ್ಟರು, ನಿಮ್ಮ ಥೈರಾಯ್ಡ್ ರಿಪೋರ್ಟು

ಲ್ಯಾಬಿನಿಂದ ರಿಪೋರ್ಟ್ ಬಂದಿದೆ. ಟಿಎಸ್‌ಎಚ್ ತುಸು ಹೆಚ್ಚು. ಅದರ ಕೆಳಗೆ ಆಂಟಿ-ಟಿಪಿಒ ಎದುರು ಸಾವಿರ ದಾಟಿದ ಅಂಕಿ. ಡಾಕ್ಟರು ಹಶಿಮೊಟೊ ಕಾಯಿಲೆ ಅಂದರು. ಪಕ್ಕದ ಮನೆಯವರದು ಇನ್ನೂರೇ ಅಂತೆ, ನನ್ನದೇಕೆ ಇಷ್ಟು ಅಂತ ರಾತ್ರಿಯಿಡೀ ನಿದ್ದೆಯಿಲ್ಲ ಅಲ್ಲವೇ? ಗಾಬರಿ ಬೇಡ. ಮೊದಲು ಈ ಹೆಸರಿನ ಮನುಷ್ಯನ ಕತೆ ಕೇಳಿ.

ಹಕಾರು ಹಶಿಮೊಟೊ ಹುಟ್ಟಿದ್ದು 1881ರಲ್ಲಿ, ಜಪಾನಿನ ಇಗಾ ಸೀಮೆಯ ಒಂದು ಹಳ್ಳಿಯಲ್ಲಿ. ವೈದ್ಯರ ಮನೆತನ. ಫುಕುವೋಕಾದಲ್ಲಿ ವೈದ್ಯಕೀಯ ಓದಿ 1907ರಲ್ಲಿ ಪಾಸಾದರು. ಅಲ್ಲೇ ಶಸ್ತ್ರಚಿಕಿತ್ಸೆ ವಿಭಾಗ ಸೇರಿದರು. ಕುತ್ತಿಗೆ ಊದಿಕೊಂಡಿದ್ದ ನಾಲ್ವರು ರೋಗಿಗಳಿಂದ ಕತ್ತರಿಸಿ ತೆಗೆದ ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನಾಲ್ವರೂ ಹೆಂಗಸರೇ! ಗ್ರಂಥಿಯ ತುಂಬ ಬಿಳಿ ರಕ್ತಕಣಗಳು ಬೀಡುಬಿಟ್ಟಿದ್ದವು. ಇದು ಬೇರೆಯೇ ಕಾಯಿಲೆ ಎಂದು 1912ರಲ್ಲಿ ಜರ್ಮನ್ ಭಾಷೆಯಲ್ಲಿ ಲೇಖನ ಬರೆದರು. ಆಗ ಅವರಿಗೆ ಮೂವತ್ತೊಂದು ವರ್ಷ.

ಹೆಚ್ಚಿನ ಅಭ್ಯಾಸಕ್ಕೆಂದು ಜರ್ಮನಿಗೆ ಹೋದರು. ಮೊದಲ ಮಹಾಯುದ್ಧ ಶುರುವಾಗಿ ಅಲ್ಲಿಂದ ಹೊರಡಬೇಕಾಯಿತು. ದೊಡ್ಡ ಪ್ರೊಫೆಸರ್ ಆಗಬಹುದಿತ್ತು. ಆದರೆ ಊರಿಗೆ ಮರಳಿ ಮನೆತನದ ದವಾಖಾನೆ ವಹಿಸಿಕೊಂಡರು. ರಿಕ್ಷಾದಲ್ಲಿ ಕೂತು ದೂರದ ರೋಗಿಗಳ ಮನೆಗೂ ಹೋಗುತ್ತಿದ್ದರು. ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆ ತವರುಮನೆ ಇರುವ ನಿಮಗೆ ಇಂಥ ಊರ ಡಾಕ್ಟರ ಬಗ್ಗೆ ಹೇಳಬೇಕಿಲ್ಲ. 1934ರ ಜನವರಿಯಲ್ಲಿ ವಿಷಮಜ್ವರದಿಂದ ತೀರಿಕೊಂಡರು. ವಯಸ್ಸು ಬರೀ ಐವತ್ತೆರಡು.

ಗ್ರಂಥಿಗೆ ಹೀಗೇಕಾಗುತ್ತದೆ ಎನ್ನುವುದು ಗೊತ್ತಾದದ್ದು 1956ರಲ್ಲಿ. ಲಂಡನ್ನಿನಲ್ಲಿ ಡೆಬೋರಾ ಡೋನಿಯಾಕ್ ಎಂಬ ವೈದ್ಯೆ, ಐವನ್ ರಾಯಿಟ್ ಮತ್ತು ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ತಮ್ಮದೇ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಕಂಡರು. ಕಾಯಬೇಕಾದ ಸೈನ್ಯ ಮನೆಯವರ ಮೇಲೇ ತಿರುಗಿಬಿದ್ದ ಹಾಗೆ! ಹಶಿಮೊಟೊ ಗ್ರಂಥಿಯನ್ನೇ ಕೊಯ್ದು ನೋಡಬೇಕಿತ್ತು. ನಮಗೆ ಒಂದಿಷ್ಟು ರಕ್ತ ಸಾಕು.

ಈಗ ನಿಮ್ಮ ಸಾವಿರಕ್ಕೆ ಬರೋಣ. ಅಡುಗೆಮನೆಯಲ್ಲಿ ಇಲಿ ಹಿಕ್ಕೆ ಕಂಡರೆ ಇಲಿ ಹೊಕ್ಕಿದೆ ಅಂತ ಗೊತ್ತಾಗುತ್ತದೆ. ಎಷ್ಟು ಕಾಳು ಹೋಗಿದೆ ಅಂತ ತಿಳಿಯಲು ಡಬ್ಬಿ ತೆಗೆದೇ ನೋಡಬೇಕು. ಆಂಟಿ-ಟಿಪಿಒ ಆ ಹಿಕ್ಕೆ ಇದ್ದ ಹಾಗೆ. ಡಬ್ಬಿ ತೆಗೆದು ತೋರಿಸುವುದು ಟಿಎಸ್‌ಎಚ್ ಮತ್ತು ಫ್ರೀ ಟಿ4. ಸಾವಿರ ಇದ್ದವರ ಕಾಯಿಲೆ ಇನ್ನೂರು ಇದ್ದವರದಕ್ಕಿಂತ ಐದು ಪಟ್ಟು ಜೋರು ಅಂತ ಅಲ್ಲವೇ ಅಲ್ಲ. ಪ್ರತಿಕಾಯ ಹೆಚ್ಚಿದ್ದೂ ಟಿಎಸ್‌ಎಚ್ ವರ್ಷಗಟ್ಟಲೆ ಸರಿಯಾಗಿರುವವರಿದ್ದಾರೆ. ಅವರಿಗೆ ಮುಂದೆ ಥೈರಾಯ್ಡ್ ಕುಗ್ಗುವ ಸಂಭವ ಹೆಚ್ಚು, ಆದ್ದರಿಂದ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿಕೊಂಡರೆ ಒಳ್ಳೆಯದು.

ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯ ಲೆಕ್ಕ ಬೇರೆ. ಅಲ್ಲಿ ಟಿಆರ್‌ಎಬಿ ಎಂಬ ಪ್ರತಿಕಾಯದ ಅಂಕಿಗೂ ಬೆಲೆಯಿದೆ. ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸೀತೇ ಅಂತ ಅಂದಾಜು ಮಾಡಲು ಡಾಕ್ಟರು ಅದನ್ನು ನೋಡುತ್ತಾರೆ.

ನೆನಪಿಡಿ:

* ಆಂಟಿ-ಟಿಪಿಒ ಹೆಚ್ಚಿದೆ ಅಂತ ಒಮ್ಮೆ ಗೊತ್ತಾದರೆ ಸಾಕು. ಪದೇ ಪದೇ ದುಡ್ಡು ಸುರಿಯಬೇಡಿ.

* ಮಾತ್ರೆಯ ಪ್ರಮಾಣ ಬದಲಾದರೆ 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ಮಾಡಿಸಿ.

* ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಚಹಾ, ಕಾಫಿ ಅರ್ಧದಿಂದ ಒಂದು ತಾಸು ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ತಾಸು ಅಂತರವಿರಲಿ.

* ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಪರೀಕ್ಷೆಗೆ ಮೊದಲೇ ಡಾಕ್ಟರಿಗೆ ಹೇಳಿ. ಅದರಿಂದ ಅಂಕಿಗಳು ಏರುಪೇರಾಗುತ್ತವೆ.

* ಮುಟ್ಟು ನಿಂತು ಬಸುರಿ ಎಂದು ಗೊತ್ತಾದರೆ ಕೂಡಲೇ ಡಾಕ್ಟರನ್ನು ಕಾಣಿ. ಮಾತ್ರೆ ನಿಲ್ಲಿಸಬೇಡಿ. ಆಗ ಪ್ರಮಾಣ ಹೆಚ್ಚು ಬೇಕಾಗುವುದುಂಟು.

ಇನ್ನು ಪಕ್ಕದ ಮನೆಯವರ ರಿಪೋರ್ಟು ಅವರಿಗೇ ಇರಲಿ. ನಿಮ್ಮದನ್ನು ಡಾಕ್ಟರಿಗೆ ತೋರಿಸಿ, ನಿಶ್ಚಿಂತೆಯಿಂದ ನಿದ್ದೆ ಮಾಡಿ.