ಅಳತೆಗೋಲಿನ ಗಣಿತಜ್ಞ ಹರ್ಮನ್ ವೈಲ್

ಮುಂಬಯಿಯಿಂದ ಬೆಳಗಾವಿ, ಧಾರವಾಡಗಳ ಕಡೆಗೆ ರೈಲಿನಲ್ಲಿ ಹೊರಟ ನಮ್ಮ ಹಿರಿಯರು ಬಹುಕಾಲ ಮೀರಜಿನಲ್ಲಿ ಇಳಿದು ಗಾಡಿ ಬದಲಿಸಬೇಕಾಗಿತ್ತು. ಅಲ್ಲಿಯವರೆಗಿನ ಹಳಿಗಳು ಬ್ರಾಡ್ ಗೇಜ್. ಅಲ್ಲಿಂದ ಮುಂದಿನವು ಮೀಟರ್ ಗೇಜ್. ಗೇಜ್ ಎಂದರೆ ಅಳತೆಯ ಪ್ರಮಾಣ. ಊರು ಬದಲಾದೊಡನೆ ಪ್ರಮಾಣವೂ ಬದಲಾದರೆ ಪ್ರಯಾಣಿಕನ ಪಾಡೇನೆಂಬುದನ್ನು ಅವರ ಬಾಯಿಂದ ನಾವು ಕೇಳಿದ್ದೇವೆ. ಇಡೀ ವಿಶ್ವದಲ್ಲಿಯೇ ಅಳತೆಯ ಪ್ರಮಾಣವು ಸ್ಥಳದಿಂದ ಸ್ಥಳಕ್ಕೆ ಬದಲಾಗುವಂತಿದ್ದರೆ? 1918ರಲ್ಲಿ ಈ ವಿಚಿತ್ರವಾದ ಪ್ರಶ್ನೆಯನ್ನು ಎತ್ತಿದವರು ಜರ್ಮನಿಯ ಗಣಿತಜ್ಞ ಹರ್ಮನ್ ವೈಲ್. ಇಂದಿನ ಭೌತವಿಜ್ಞಾನದ ಆಧಾರಸ್ತಂಭವಾದ ಗೇಜ್ ಸಿದ್ಧಾಂತಕ್ಕೆ ಆ ಹೆಸರು ಬಂದದ್ದು ಅವರ ಪ್ರಶ್ನೆಯಿಂದಲೇ.

ವೈಲರು 1885ನೆಯ ನವೆಂಬರ್ 9ರಂದು ಹ್ಯಾಂಬರ್ಗ್ ನಗರದ ಸಮೀಪದ ಎಲ್ಮ್ಸ್‌ಹಾರ್ನ್ ಎಂಬ ಊರಿನಲ್ಲಿ ಜನಿಸಿದರು. ಶಾಲೆಯಲ್ಲಿದ್ದಾಗಲೇ ತತ್ತ್ವಜ್ಞಾನಿ ಕಾಂಟನ ವಿಚಾರಗಳನ್ನು ಓದಿ, ನಮ್ಮ ಪಠ್ಯಪುಸ್ತಕದ ಯೂಕ್ಲಿಡನ ರೇಖಾಗಣಿತವೊಂದೇ ಸತ್ಯವೆಂದು ನಂಬಿದ್ದರು. ಅವರ ಶಾಲೆಯ ಮುಖ್ಯೋಪಾಧ್ಯಾಯರು ಪ್ರಸಿದ್ಧ ಗಣಿತಜ್ಞ ಹಿಲ್ಬರ್ಟರ ಬಂಧುಗಳಾಗಿದ್ದುದು ಒಂದು ಸುಯೋಗವೆನ್ನಬೇಕು. ಅವರಿತ್ತ ಪರಿಚಯಪತ್ರವನ್ನು ಹಿಡಿದು 1904ರಲ್ಲಿ ಈ ಹುಡುಗ ಗಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದ. ಹಿಲ್ಬರ್ಟರ ಗ್ರಂಥವನ್ನು ಓದಿದೊಡನೆ, ರೇಖಾಗಣಿತಗಳು ಹಲವಿರಬಹುದೆಂಬುದು ತಿಳಿದು, ಹಳೆಯ ನಂಬಿಕೆ ಕುಸಿದುಬಿತ್ತು. ಗುರುವಿನ ಇನ್ನೊಂದು ಕಠಿನ ಗ್ರಂಥವನ್ನು ಬೇಸಿಗೆಯ ರಜೆಯಲ್ಲಿ ಮನೆಗೊಯ್ದು, ಅದಕ್ಕೆ ಬೇಕಾದ ಪೂರ್ವಜ್ಞಾನವಿಲ್ಲದೆಯೇ ತಾನಾಗಿ ಓದಿಕೊಂಡ. ಆ ತಿಂಗಳುಗಳೇ ತಮ್ಮ ಬಾಳಿನ ಅತ್ಯಂತ ಸುಖದ ದಿನಗಳೆಂದು ವೈಲರು ಮುಂದೆ ನೆನೆದಿದ್ದಾರೆ. ರಜೆಯನ್ನು ಹೀಗೆ ಕಳೆಯುವವರು ನಮ್ಮಲ್ಲಿ ಎಷ್ಟು ಮಂದಿಯೋ!

1913ರಲ್ಲಿ ಅವರು ಜೂರಿಕ್ ನಗರದಲ್ಲಿ ಪ್ರಾಧ್ಯಾಪಕರಾದರು. ಐನ್‌ಸ್ಟೈನರು ಆಗ ಅಲ್ಲಿಯೇ ಇದ್ದರು. ಗುರುತ್ವಾಕರ್ಷಣವೆಂಬುದು ಪ್ರತ್ಯೇಕವಾದ ಒಂದು ಬಲವಲ್ಲ, ದೇಶಕಾಲಗಳ ವಕ್ರತೆಯೇ ಅದು ಎಂದು ಐನ್‌ಸ್ಟೈನರು 1915ರಲ್ಲಿ ಸಾಧಿಸಿದರು. ಹಾಗಾದರೆ ವಿದ್ಯುತ್ತು ಮತ್ತು ಕಾಂತತ್ವಗಳೂ ಕ್ಷೇತ್ರರಚನೆಯಿಂದಲೇ ಏಕೆ ಹುಟ್ಟಬಾರದೆಂಬ ವಿಚಾರ ವೈಲರನ್ನು ಹಿಡಿಯಿತು.

ಅವರ ಆಲೋಚನೆಯ ದಾರಿಯನ್ನು ಶಾಲೆಯ ಭೂಗೋಲದ ಮೇಲೆಯೇ ನಾವು ಕಾಣಬಹುದು. ಭೂಮಧ್ಯರೇಖೆಯ ಮೇಲೆ ಒಂದು ಬಾಣವನ್ನಿಟ್ಟು, ಎಲ್ಲಿಯೂ ಹೊರಳಿಸದೆ ಉತ್ತರಧ್ರುವಕ್ಕೆ ಸಾಗಿಸಿ, ಬೇರೊಂದು ದಾರಿಯಿಂದ ಮೊದಲಿನ ಸ್ಥಳಕ್ಕೆ ತರೋಣ. ಬಾಣದ ದಿಕ್ಕು ಬದಲಾಗಿರುತ್ತದೆ. ಮೇಲ್ಮೈ ವಕ್ರವಾಗಿರುವುದೇ ಇದಕ್ಕೆ ಕಾರಣ. ದಿಕ್ಕು ಬದಲಾಗುವುದಾದರೆ ಉದ್ದ ಮಾತ್ರ ಏಕೆ ಹಾಗೆಯೇ ಉಳಿಯಬೇಕು? ಅಳತೆಗೋಲಿನ ಉದ್ದವೂ ದಾರಿಯನ್ನನುಸರಿಸಿ ಬದಲಾಗಲಿ ಎಂದರು ವೈಲರು. ಹಾಗೆ ಬಿಟ್ಟುಕೊಟ್ಟು ಲೆಕ್ಕ ಮಾಡಿದಾಗ, ಮ್ಯಾಕ್ಸ್‌ವೆಲ್ಲರ ವಿದ್ಯುತ್ಕಾಂತ ಸಮೀಕರಣಗಳು ತಾವಾಗಿಯೇ ಮೂಡಿಬಂದವು.

ಐನ್‌ಸ್ಟೈನರು ಇದನ್ನು ಕಂಡು ಮೆಚ್ಚಿದರು. ಮೆಚ್ಚಿದವರೇ ತಪ್ಪನ್ನೂ ತೋರಿಸಿದರು. ಅಳತೆಗೋಲಿಗೆ ಬಂದ ಗತಿ ಗಡಿಯಾರಕ್ಕೂ ಬರಬೇಕಲ್ಲವೆ? ಪರಮಾಣುವೂ ಒಂದು ಗಡಿಯಾರವೇ. ಹಾಗಾದರೆ ಬೇರೆ ಬೇರೆ ದಾರಿಗಳಲ್ಲಿ ಬಂದ ಎರಡು ಸೋಡಿಯಂ ಪರಮಾಣುಗಳು ಬೇರೆ ಬೇರೆ ಬಣ್ಣದ ಬೆಳಕನ್ನು ಚೆಲ್ಲಬೇಕು. ಆದರೆ ಸೋಡಿಯಂ ಎಲ್ಲಿಂದ ಬಂದರೂ ಅದೇ ಹಳದಿ ಬೆಳಕನ್ನೇ ಕೊಡುತ್ತದೆ. ಈ ಆಕ್ಷೇಪಣೆ ವೈಲರ ಲೇಖನದ ಕೊನೆಯಲ್ಲಿಯೇ ಅಚ್ಚಾಯಿತು. ಅದರ ಕೆಳಗೆ ವೈಲರ ಉತ್ತರವೂ ಅಚ್ಚಾಯಿತು. ಉತ್ತರ ಸಾಲದಾಗಿತ್ತೆಂದೇ ನಮ್ಮ ಅಭಿಪ್ರಾಯ. ಇಷ್ಟು ಅಂದವಾದ ಗಣಿತವು ಸುಳ್ಳಾಗಲಾರದೆಂಬ ಹಟ ಅವರನ್ನು ಕೆಲವು ವರ್ಷ ಬಿಡಲಿಲ್ಲ.

ಅಷ್ಟರಲ್ಲಿ ಕ್ವಾಂಟಂ ಸಿದ್ಧಾಂತವು ಬೆಳೆಯಿತು. ಅದರ ಪ್ರಕಾರ ಎಲೆಕ್ಟ್ರಾನಿಗೆ ತರಂಗಸ್ವರೂಪವುಂಟು. ತರಂಗವು ಏರಿಳಿತದ ಯಾವ ಹಂತದಲ್ಲಿದೆಯೆಂಬುದನ್ನು ಗಡಿಯಾರದ ಮುಳ್ಳಿನಿಂದ ಸೂಚಿಸಬಹುದು. ಬದಲಾಗುವುದು ಉದ್ದವಲ್ಲ, ಈ ಮುಳ್ಳಿನ ದಿಕ್ಕು ಎಂಬುದನ್ನು 1927ರಲ್ಲಿ ಫ್ರಿಟ್ಸ್ ಲಂಡನ್ ಎಂಬ ತರುಣ ವಿಜ್ಞಾನಿ ಸ್ಪಷ್ಟಪಡಿಸಿದರು. 1929ರಲ್ಲಿ ವೈಲರು ತಮ್ಮ ಹಳೆಯ ಕಟ್ಟಡವನ್ನು ತಾವೇ ಕೆಡವಿ ಈ ಹೊಸ ಅಡಿಪಾಯದ ಮೇಲೆ ಕಟ್ಟಿದರು. ಹನ್ನೆರಡು ಗಂಟೆಯ ಗುರುತನ್ನು ಎಲ್ಲಿ ಹಾಕಬೇಕೆಂಬುದನ್ನು ಒಂದೊಂದು ಸ್ಥಳದಲ್ಲಿಯೂ ಸ್ವತಂತ್ರವಾಗಿ ನಿರ್ಧರಿಸಬಹುದು. ಆಗ ನೆರೆಹೊರೆಯ ಗಡಿಯಾರಗಳನ್ನು ಹೋಲಿಸಲು ಒಂದು ನಿಯಮ ಬೇಕಾಗುತ್ತದೆ. ಆ ನಿಯಮದಲ್ಲಿಯೇ ವಿದ್ಯುತ್ಕಾಂತ ಶಕ್ತಿ ಅಡಗಿದೆ. ಸೋಡಿಯಂನ ಬಣ್ಣಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ. ಅಳತೆಗೋಲು ಹೋಯಿತು, ಗೇಜ್ ಎಂಬ ಹೆಸರು ಮಾತ್ರ ಉಳಿಯಿತು.

1930ರಲ್ಲಿ ವೈಲರು ಗಟಿಂಗೆನ್ನಿನಲ್ಲಿ ಗುರು ಹಿಲ್ಬರ್ಟರ ಪೀಠವನ್ನೇರಿದರು. ಅಮೆರಿಕದ ಪ್ರಿನ್ಸ್‌ಟನ್ನಿನಿಂದ ಕರೆ ಬಂದಾಗ ಬಹಳ ಹೊಯ್ದಾಡಿ ಒಲ್ಲೆನೆಂದರು. ಹುಟ್ಟಿದ ನಾಡನ್ನು ಬಿಡುವುದು ಸುಲಭವೇ? ಆದರೆ 1933ರಲ್ಲಿ ಹಿಟ್ಲರನ ಆಡಳಿತ ಬಂದೊಡನೆ ಯೆಹೂದ್ಯ ವಿದ್ವಾಂಸರನ್ನು ಹುದ್ದೆಗಳಿಂದ ತಳ್ಳತೊಡಗಿದರು. ಶ್ರೇಷ್ಠ ಗಣಿತಜ್ಞೆ ಎಮ್ಮಿ ನೋತರ್ ಅವರೂ ಕೆಲಸ ಕಳೆದುಕೊಂಡರು. ವೈಲರು ಅವರ ಪರವಾಗಿ ಹೆಣಗಿದರೂ ಫಲವಾಗಲಿಲ್ಲ. ತಮಗಿಂತ ಹಿರಿಯ ಪ್ರತಿಭೆಯ ಆ ಮಹಿಳೆಯ ಪಕ್ಕದಲ್ಲಿ ತಾವು ಉನ್ನತ ಪೀಠದಲ್ಲಿ ಕುಳಿತಿದ್ದುದಕ್ಕೆ ನಾಚಿದುದಾಗಿ ಅವರು ಮುಂದೆ ಒಪ್ಪಿಕೊಂಡರು. ವೈಲರ ಪತ್ನಿ ಹೆಲೆನ್ ಅವರೂ ಯೆಹೂದ್ಯ ಮೂಲದವರು. ಅದೇ ವರ್ಷ ಕುಟುಂಬವು ಪ್ರಿನ್ಸ್‌ಟನ್ನಿಗೆ ವಲಸೆ ಹೋಯಿತು.

ಅಲ್ಲಿ ಅವರು ಇಂಗ್ಲಿಷಿನಲ್ಲಿ ಬರೆಯಬೇಕಾಯಿತು. ತೊಟ್ಟಿಲಲ್ಲಿ ಕೇಳದ ಭಾಷೆಯೊಂದು ತಮ್ಮ ಬರವಣಿಗೆಗೆ ನೊಗವಾಯಿತೆಂಬ ಅಳಲನ್ನು 1939ರ ತಮ್ಮ ಗ್ರಂಥದ ಮುನ್ನುಡಿಯಲ್ಲಿ ತೋಡಿಕೊಂಡಿದ್ದಾರೆ. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆಯಾಡುವ ನಮಗೆ ಈ ಅಳಲು ಬೇಗ ಅರ್ಥವಾಗುತ್ತದೆ.

1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಎಂಬಿಬ್ಬರು ಗೇಜ್ ತತ್ತ್ವವನ್ನು ವಿದ್ಯುತ್ಕಾಂತದ ಆಚೆಗೂ ವಿಸ್ತರಿಸಿದರು. ಪರಮಾಣುವಿನ ನ್ಯೂಕ್ಲಿಯಸ್ಸಿನೊಳಗಿನ ಬಲಗಳಿಗೂ ಅದೇ ಕೀಲಿಕೈ ಎಂಬುದು ಮುಂದಿನ ಎರಡು ದಶಕಗಳಲ್ಲಿ ತಿಳಿಯಿತು. 1997ರಲ್ಲಿ ಅರ್ಜೆಂಟೀನಾ ಮೂಲದ ಹ್ವಾನ್ ಮಾಲ್ಡಸೇನಾ ಅವರು ತಂತು ಸಿದ್ಧಾಂತದಿಂದ ಇನ್ನೂ ವಿಸ್ಮಯಕರವಾದ ಒಂದು ಊಹೆಯನ್ನು ಮುಂದಿಟ್ಟರು. ಒಂದು ಕೋಣೆಯೊಳಗೆ ನಡೆಯುವುದೆಲ್ಲವೂ ಅದರ ಗೋಡೆಗಳ ಮೇಲೆ ಬರೆದ ಲೆಕ್ಕದಲ್ಲಿ ಪೂರ್ತಿಯಾಗಿ ಸಿಗುತ್ತದೆಯೆಂದು ಭಾವಿಸೋಣ. ಹಾಗೆಯೇ, ಕೆಲವು ಬಗೆಯ ವಿಶ್ವಗಳಲ್ಲಿ, ಒಳಗಿನ ಗುರುತ್ವಾಕರ್ಷಣ ಮತ್ತು ವಕ್ರ ಕ್ಷೇತ್ರರಚನೆಯೂ, ಅಂಚಿನ ಮೇಲಿರುವ ಗುರುತ್ವವಿಲ್ಲದ ಗೇಜ್ ಸಿದ್ಧಾಂತವೂ ಒಂದೇ ವಸ್ತುವಿನ ಎರಡು ವರ್ಣನೆಗಳು. ಪೂರ್ಣ ಸಾಧನೆ ಇನ್ನೂ ದೊರೆತಿಲ್ಲ; ಮಾಡಿದ ಪರೀಕ್ಷೆಗಳಲ್ಲೆಲ್ಲ ಊಹೆ ಗೆದ್ದಿದೆ. ನಮ್ಮ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಇದರ ಮೇಲೆ ಹೆಸರಾಂತ ಕೆಲಸ ನಡೆದಿದೆ. ಗೇಜ್ ಮತ್ತು ಕ್ಷೇತ್ರರಚನೆಗಳನ್ನು 1918ರಲ್ಲಿ ಒಟ್ಟಿಗೆ ಹೆಣೆದಿದ್ದ ವೈಲರು ಇದನ್ನು ಕಾಣಲು ಉಳಿದಿರಲಿಲ್ಲ.

1951ರಲ್ಲಿ ನಿವೃತ್ತರಾದ ಅವರು ಕೊನೆಯ ವರ್ಷಗಳನ್ನು ಪ್ರಿನ್ಸ್‌ಟನ್ನಿನಲ್ಲಿಯೂ ಜೂರಿಕ್ಕಿನಲ್ಲಿಯೂ ಕಳೆದರು. 1955ರ ನವೆಂಬರಿನಲ್ಲಿ ಅವರಿಗೆ 70 ತುಂಬಿತು. ದೇಶದೇಶಗಳಿಂದ ಶುಭಾಶಯಗಳು ಬಂದವು. ಡಿಸೆಂಬರ್ 8ರಂದು, ಹರಸಿದವರಿಗೆ ಬರೆದ ಕೃತಜ್ಞತೆಯ ಪತ್ರಗಳನ್ನು ಅಂಚೆಗೆ ಹಾಕಲು ಹೋಗಿದ್ದ ವೈಲರು ಜೂರಿಕ್ಕಿನ ಬೀದಿಯಲ್ಲಿ ಕುಸಿದುಬಿದ್ದು ಪ್ರಾಣಬಿಟ್ಟರು.